ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಯಾವ ಜಿಲ್ಲೆ? ಒಂದೊಂದು ಕಡೆ ಒಂದೊಂದು ಬರೆದಿದ್ದಾರೆ

ಹಳೇಪುಟ

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಫರ್ಡಿನಾಂಡ್ ಕಿಟೆಲ್ ಬಗ್ಗೆ ಎರಡು ಪುಟ ಬರೆದುಕೊಡಿ ಅಂದರು. ಒಪ್ಪಿಕೊಂಡೆ. ನಿಘಂಟಿನ ಭಾಗ ಸಲೀಸಾಗಿ ಮುಗಿಯಿತು. 1894, ಮಂಗಳೂರು, ಬಾಸೆಲ್ ಮಿಷನ್, ಸುಮಾರು 70 ಸಾವಿರ ಪದ. ಸಿಕ್ಕಿಬಿದ್ದಿದ್ದು ಮೊದಲ ಸಾಲಿನಲ್ಲೇ. “1832ರಲ್ಲಿ ಜರ್ಮನಿಯ ಇಂಥ ಜಿಲ್ಲೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು” ಅಂತ ಬರೆಯಬೇಕು. ಒಂದು ಕಡೆ ಹ್ಯಾನೋವರ್ ಅಂತಿದೆ. ಇನ್ನೊಂದು ಕಡೆ ಪ್ರಷ್ಯಾ. ಮತ್ತೊಂದರಲ್ಲಿ ನೋರ್ಡನ್ ಜಿಲ್ಲೆ. ಫೋನಿನಲ್ಲಿ ಮ್ಯಾಪ್ ತೆಗೆದರೆ ಔರಿಚ್ ಅಂತ ತೋರಿಸುತ್ತೆ. ಊರು ಒಂದೇ, ವಿಳಾಸ ನಾಲ್ಕು. ಯಾವುದನ್ನು ಹಾಕಲಿ? ಆ ಕಡೆ ಇರುವವರು ಯಾರಾದ್ರೂ ಇದ್ದರೆ ಹೇಳಿ.

ಅವರೆಕಾಳು

ನಾಲ್ಕೂ ಸರಿ ಸರ್. ನೀವು ವರ್ಷ ಹೇಳಿ, ನಾನು ವಿಳಾಸ ಹೇಳ್ತೀನಿ.

ನಾನಿರುವುದು ಓಲ್ಡೆನ್‌ಬುರ್ಗ್‌ನಲ್ಲಿ. ರಜೆ ಬಂದರೆ ಆ ಕಡೆಗೇ ಸೈಕಲ್ ಹಾಕಿಕೊಂಡು ಹೋಗುವುದು. ರೆಸ್ಟರ್‌ಹಾಫೆ ಈಗ ಡೋರ್ನುಮ್ ಪಂಚಾಯ್ತಿಗೆ ಸೇರಿದೆ. ಡೋರ್ನುಮ್ ಇರುವುದು ಔರಿಶ್ ಜಿಲ್ಲೆಯಲ್ಲಿ. ಜರ್ಮನಿಯ ವಾಯವ್ಯ ಮೂಲೆ, ಉತ್ತರ ಸಮುದ್ರದ ದಂಡೆ. ಈ ಭಾಗಕ್ಕೆ ಪೂರ್ವ ಫ್ರೀಸ್‌ಲ್ಯಾಂಡ್ ಅಂತ ಹಳೇ ಹೆಸರು. ಅಂದಹಾಗೆ ‘ಔರಿಚ್’ ಅಲ್ಲ. ಔರಿಶ್‌ಗೂ ಔರಿಹ್‌ಗೂ ನಡುವಿನ ಒಂದು ಸದ್ದು. ಅದನ್ನು ಬರೆಯಲು ಕನ್ನಡದಲ್ಲಿ ಅಕ್ಷರ ಇಲ್ಲ. ಔರಿಶ್ ಅಂತಲೇ ಇಟ್ಟುಕೊಳ್ಳೋಣ.

ಈಗ ಕಥೆಗೆ ಬರೋಣ. 1464ರಿಂದ ಅಲ್ಲಿ ಸಿರ್ಕ್‌ಸೆನಾ ಮನೆತನದ ಆಳ್ವಿಕೆ. ಗ್ರೇಟ್‌ಸೀಲ್ ಅನ್ನುವ ಮೀನುಗಾರರ ಊರಿನ ಪಾಳೇಗಾರರು ಅವರು. 1744ರಲ್ಲಿ ಕೊನೆಯ ದೊರೆಗೆ ವಾರಸುದಾರರಿಲ್ಲದೆ ಮನೆತನ ಮುಗಿಯಿತು. ಪ್ರಷ್ಯಾ ಬಂದು ಕೂತಿತು. ಆಮೇಲೆ ನೆಪೋಲಿಯನ್ ಗಲಾಟೆ. 1807ರಲ್ಲಿ ಹಾಲೆಂಡ್, 1810ರಲ್ಲಿ ನೇರವಾಗಿ ಫ್ರಾನ್ಸ್, 1813ರಲ್ಲಿ ಮತ್ತೆ ಪ್ರಷ್ಯಾ. 1815ರಲ್ಲಿ ಹ್ಯಾನೋವರ್ ರಾಜ್ಯ. 1815ರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮನೆ ಬಿಟ್ಟು ಕದಲದೆ ನಾಲ್ಕು ದೇಶ ನೋಡಿಬಿಟ್ಟಿದ್ದ!

ಕಿಟೆಲ್ ಹುಟ್ಟಿದ್ದು ಹ್ಯಾನೋವರ್ ಕಾಲದಲ್ಲಿ. 1866ರಲ್ಲಿ ಪ್ರಷ್ಯಾ ಹ್ಯಾನೋವರ್ ಅನ್ನೇ ನುಂಗಿತು. 1885ರಲ್ಲಿ ‘ಕ್ರೈಸ್’ ಅನ್ನುವ ಜಿಲ್ಲೆಗಳನ್ನು ಮಾಡಿದರು. ಆಗ ಡೋರ್ನುಮ್ ಸೇರಿದ್ದು ನೋರ್ಡನ್ ಜಿಲ್ಲೆಗೆ. 1977ರಲ್ಲಿ ನೋರ್ಡನ್ ಜಿಲ್ಲೆಯನ್ನು ಔರಿಶ್ ಜೊತೆ ಕಲಸಿ ಒಂದು ಮಾಡಿದರು.

ಮೇಷ್ಟ್ರು_ಹಿರೇಮಗಳೂರು

ಇನ್ನೊಂದು ತೊಡಕಿದೆ ಸ್ವಾಮಿ. 1832ರಲ್ಲಿ “ಜರ್ಮನಿಯ” ಅಂತ ಬರೆದರೂ ಸ್ವಲ್ಪ ಎಡವಟ್ಟೇ. ಜರ್ಮನಿ ಅನ್ನುವ ಒಂದು ದೇಶ ಆಗಿದ್ದು 1871ರಲ್ಲಿ. ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದಾಗ ಅವರು ಹ್ಯಾನೋವರ್ ಪ್ರಜೆ.

ಅದಕ್ಕಿಂತ ತಮಾಷೆ ಕೇಳಿ. 1832ರಲ್ಲಿ ಹ್ಯಾನೋವರ್‌ನ ರಾಜ ಯಾರು? ನಾಲ್ಕನೇ ವಿಲಿಯಂ. ಅವನೇ ಬ್ರಿಟನ್ನಿನ ರಾಜ. ಹ್ಯಾನೋವರ್ ಮನೆತನದವರು ಲಂಡನ್ನಿನಲ್ಲಿ ಕೂತು ಎರಡೂ ಕಿರೀಟ ಹೊತ್ತಿದ್ದರು. ಹಾಗಾಗಿ ರೆಸ್ಟರ್‌ಹಾಫೆಯ ಪಾದ್ರಿಯ ಮಗುವಿಗೂ ಲಂಡನ್ನಿನ ಬೀದಿ ಮಗುವಿಗೂ ಒಬ್ಬನೇ ದೊರೆ. 1837ರಲ್ಲಿ ವಿಕ್ಟೋರಿಯಾ ರಾಣಿ ಆದಾಗ ಇದು ಮುರಿಯಿತು. ಹ್ಯಾನೋವರ್ ಕಾನೂನಿನ ಪ್ರಕಾರ ಗಂಡು ವಾರಸುದಾರ ಇರುವಾಗ ಹೆಣ್ಣಿಗೆ ಪಟ್ಟ ಇಲ್ಲ. ಅವಳ ಚಿಕ್ಕಪ್ಪ ಅರ್ನ್‌ಸ್ಟ್ ಆಗಸ್ಟ್ ಆ ಕಡೆ ರಾಜನಾದ.

ಹಳೇಪುಟ

ಅಯ್ಯೋ, ಒಂದು ಸಾಲು ಕೇಳಿದ್ದಕ್ಕೆ ಒಂದು ಅಧ್ಯಾಯ ಬಂತು. ಇರಲಿ, ಚೆನ್ನಾಗಿದೆ. ಈ ‘ಲಾಂಡ್‌ಕ್ರೈಸ್’ ಅನ್ನೋದು ನಮ್ಮ ಜಿಲ್ಲೆಯ ಹಾಗೇನಾ? ಅಲ್ಲಿಯೂ ಡೀಸಿ ಇರ್ತಾರಾ?

ಅವರೆಕಾಳು

ಹೆಸರಿಗೆ ಜಿಲ್ಲೆ, ಒಳಗೆ ಬೇರೆ. ‘ಲಾಂಡ್‌ರಾಟ್’ ಅಂತ ಮುಖ್ಯಸ್ಥ ಇರ್ತಾರೆ. ಆದರೆ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಜನರೇ ಓಟು ಹಾಕಿ ಅವರನ್ನು ಆರಿಸುತ್ತಾರೆ, ಮೇಲಿನಿಂದ ವರ್ಗ ಮಾಡಿ ಕಳಿಸುವುದಿಲ್ಲ. ಜೊತೆಗೆ ಚುನಾಯಿತ ಸಭೆ ಬೇರೆ. ಕಸ, ಶಾಲೆಯ ಕಟ್ಟಡ, ಮನೆ ಕಟ್ಟುವ ಪರವಾನಗಿ, ಗಾಡಿ ನೋಂದಣಿ ಎಲ್ಲ ಜಿಲ್ಲೆಯದೇ.

ಗಾತ್ರ ಚಿಕ್ಕದು. ಔರಿಶ್ ಸುಮಾರು 1,290 ಚದರ ಕಿಲೋಮೀಟರ್. ಜನ ಎರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಇಡೀ ಜರ್ಮನಿಯಲ್ಲಿ ಇಂಥವು 294 ಇವೆ. ದೊಡ್ಡ ನಗರಗಳು ಇದರೊಳಗೆ ಬರುವುದಿಲ್ಲ, ತಮ್ಮದೇ ಲೆಕ್ಕ. ಪಕ್ಕದ ಬಂದರು ಎಮ್ಡೆನ್ ಹಾಗೆಯೇ. ಮೂರು ಕಡೆ ಔರಿಶ್ ಜಿಲ್ಲೆಯ ಹಳ್ಳಿಗಳಿಗೆ ಹತ್ತಿರ ಇದ್ದರೂ ಅದು ಔರಿಶ್‌ಗೆ ಸೇರಿಲ್ಲ.

ಗಜನಿಗದ್ದೆ

ಸಮುದ್ರದ ದಂಡೆ ಅಂದ್ರಲ್ಲ, ಬಂಡೆ ಇದೆಯಾ ಅಥವಾ ಬರೀ ಮರಳಾ? ನಾನು ಕುಮಟಾ ಕಡೆಯವಳು. ಜಿಲ್ಲೆ ಬದಲಾದ ಕಥೆಗಿಂತ ನೆಲದ ಕಥೆ ಕೇಳುವ ಆಸೆ.

ಅವರೆಕಾಳು

ಅಕ್ಕ, ಬಂಡೆ ಒಂದೂ ಇಲ್ಲ. ಮರಳೂ ದ್ವೀಪದಲ್ಲಿ ಮಾತ್ರ. ದಂಡೆಯಲ್ಲಿ ಇರುವುದು ಕೆಸರು. ದಿನಕ್ಕೆ ಎರಡು ಸಲ ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿಯುತ್ತೆ, ಎರಡು ಸಲ ವಾಪಸ್ ಬರುತ್ತೆ. ಇಳಿತದ ಹೊತ್ತಿಗೆ ಗೈಡ್ ಜೊತೆ ಬರಿಗಾಲಿನಲ್ಲಿ ಕೆಸರು ತುಳಿದುಕೊಂಡು ಬಾಲ್ಟ್ರುಮ್ ದ್ವೀಪಕ್ಕೆ ನಡೆದೇ ಹೋಗಬಹುದು. ನಾನು ಹೋಗಿದ್ದೇನೆ. ಮೊಣಕಾಲಿನವರೆಗೆ ಕೆಸರು, ಮೇಲೆ ಗಾಳಿ. ಗೈಡ್ ಇಲ್ಲದೆ ಹೋದರೆ ಮಾತ್ರ ಪ್ರಾಣಕ್ಕೇ ಕುತ್ತು. 2009ರಲ್ಲಿ ಈ ಕೆಸರು ಸಮುದ್ರಕ್ಕೆ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಒಳನಾಡಿನಲ್ಲಿ ಮೂರು ತರಹದ ನೆಲ. ದಂಡೆಗೆ ಹತ್ತಿರ ಸಮುದ್ರ ತಂದು ಹಾಕಿದ ಮೆಕ್ಕಲು, ತುಂಬಾ ಫಲವತ್ತು. ನಡುವೆ ಸ್ವಲ್ಪ ಎತ್ತರದ ಮರಳು ನೆಲ, ಔರಿಶ್ ಪಟ್ಟಣ ಇರುವುದು ಇದರ ಮೇಲೆ. ಇವೆರಡರ ಆಚೀಚೆ ಜೌಗು. ಪಾಚಿ ಕೊಳೆತು ಸಾವಿರಾರು ವರ್ಷ ಪದರ ಪದರವಾಗಿ ಬೆಳೆದ ಪೀಟ್, ಒಣಗಿಸಿ ಉರುವಲು ಮಾಡುವ ಮಣ್ಣು.

ಊರಿನ ಹೆಸರು ಕೇಳಿದರೆ ನೆಲ ಯಾವುದು ಅಂತ ಗೊತ್ತಾಗಿಬಿಡುತ್ತೆ. ‘ಸೀಲ್’ ಅಂತ ಮುಗಿದರೆ ಅಲ್ಲೊಂದು ತೂಬು ಇದೆ: ಗ್ರೇಟ್‌ಸೀಲ್, ನೆಸ್ಮರ್‌ಸೀಲ್, ಡೋರ್ನುಮರ್‌ಸೀಲ್. ‘ಫೇನ್’ ಅಂದರೆ ಪೀಟ್ ತೆಗೆಯಲು ಕಾಲುವೆ ತೋಡಿ ಕಟ್ಟಿದ ಊರು. ಡೋರ್ನುಮ್, ಪಿಲ್ಸುಮ್, ರೀಸುಮ್ ಇವುಗಳ ಕೊನೆಯ ‘ಉಮ್’ ಅಂದರೆ ಮನೆ.

ಗಜನಿಗದ್ದೆ

ತೂಬು ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಅಘನಾಶಿನಿಯ ಗಜನಿ ಗದ್ದೆಗಳಲ್ಲೂ ಉಪ್ಪುನೀರು ತಡೆಯಲು ಬಂಡು ಕಟ್ಟಿ ಬಾಗಿಲು ಇಟ್ಟಿರುತ್ತಾರೆ. ಅವರದ್ದು ಹೇಗೆ ಕೆಲಸ ಮಾಡುತ್ತೆ?

ಅವರೆಕಾಳು

ನೀರೇ ಕಾವಲುಗಾರ. ಸಮುದ್ರಕ್ಕೆ ಎದುರಾಗಿ ಎತ್ತರದ ಮಣ್ಣಿನ ಏರಿ. ಏರಿಯ ಹೊಟ್ಟೆಯಲ್ಲಿ ಎರಡು ಬಾಗಿಲ ತೂಬು. ಇಳಿತದಲ್ಲಿ ಒಳಗಿನ ಕಾಲುವೆಯ ನೀರು ತಾನೇ ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತೆ. ಉಬ್ಬರ ಬಂದಾಗ ಸಮುದ್ರದ ನೀರೇ ಅದೇ ಬಾಗಿಲನ್ನು ಒತ್ತಿ ಮುಚ್ಚುತ್ತೆ. ಹಳೇ ತೂಬುಗಳ ಲೆಕ್ಕ ಇಷ್ಟೇ. ಈಗ ಪಂಪ್‌ಗಳು ಬಂದಿವೆ. ಏಕೆಂದರೆ ಕ್ರುಮ್‌ಹೋರ್ನ್ ಕಡೆ ಕೆಲವು ಜಾಗ ಸಮುದ್ರಮಟ್ಟಕ್ಕಿಂತ ಎರಡು ಮೀಟರಿಗೂ ಹೆಚ್ಚು ಕೆಳಗಿದೆ. ಪಂಪ್ ನಿಲ್ಲಿಸಿದರೆ ಕೆರೆ.

ಏರಿ ಕಟ್ಟುವ ಮೊದಲು ಜನ ಮಣ್ಣು ಒಟ್ಟಿ ದಿಬ್ಬ ಮಾಡಿಕೊಂಡು ಅದರ ಮೇಲೆ ಊರು ಕಟ್ಟುತ್ತಿದ್ದರು. ರೀಸುಮ್ ಇವತ್ತಿಗೂ ಹಾಗೇ ಇದೆ. ತಟ್ಟೆ ಬೋರಲು ಹಾಕಿದ ಹಾಗೆ ದುಂಡನೆ ದಿಬ್ಬ, ನೆತ್ತಿಯ ಮೇಲೆ ಚರ್ಚು. ಆ ಚರ್ಚಿನ ಆರ್ಗನ್ 15ನೇ ಶತಮಾನದ್ದು, ಈಗಲೂ ನುಡಿಸುತ್ತಾರೆ. ಅದರ ಬೆಲೆಯನ್ನು ಕೊಬ್ಬಿದ ದನಗಳಲ್ಲಿ ಕೊಟ್ಟರು ಅಂತ ಹಳೇ ವೃತ್ತಾಂತ ಹೇಳುತ್ತದೆ.

ಮೇಷ್ಟ್ರು_ಹಿರೇಮಗಳೂರು

ಏರಿಯ ವಿಷಯದಲ್ಲಿ ಅವರ ಗಾದೆ ಕೇಳಿ: “ಏರಿ ಕಟ್ಟಲೊಲ್ಲದವ ಊರು ಬಿಡಲಿ.” ಬರೀ ಮಾತಲ್ಲ, ಕಾನೂನೇ ಹಾಗಿತ್ತು. ಪ್ರತಿ ಜಮೀನಿನವನಿಗೂ ಏರಿಯ ಒಂದು ತುಂಡು ಹೊಣೆ. ಕೈಲಾಗದವನು ತನ್ನ ಗುದ್ದಲಿಯನ್ನು ಏರಿಗೆ ಚುಚ್ಚಿ ಹೊರಟುಬಿಡಬೇಕು. ಆ ಗುದ್ದಲಿ ಕಿತ್ತವನಿಗೆ ಜಮೀನೂ ಸಿಗುತ್ತೆ, ಏರಿಯ ಹೊಣೆಯೂ ಬೀಳುತ್ತೆ. ಗುದ್ದಲಿ ಹಕ್ಕು ಅಂತಲೇ ಅದರ ಹೆಸರು.

ಇಷ್ಟು ಮಾಡಿದರೂ ಸಮುದ್ರ ಬಿಡಲಿಲ್ಲ. 1717ರ ಕ್ರಿಸ್‌ಮಸ್ ರಾತ್ರಿ ಏರಿಗಳು ಒಡೆದವು. ಪೂರ್ವ ಫ್ರೀಸ್‌ಲ್ಯಾಂಡ್ ಒಂದರಲ್ಲೇ 2,700ಕ್ಕಿಂತ ಜಾಸ್ತಿ ಜನ ಸತ್ತರು.

ಬೀದರ್‌ಬಿಸಿಲು

ಸಿರ್ಕ್‌ಸೆನಾ ಬರೋ ಮುಂಚೆ ಯಾರು ಆಳ್ತಿದ್ರು ಗುರೂ? ಅವರೆಕಾಳು ಸೀದಾ 1464ಕ್ಕೆ ಹಾರಿದ್ರು.

ಮೇಷ್ಟ್ರು_ಹಿರೇಮಗಳೂರು

ಯಾರೂ ಅಲ್ಲ! ಅದೇ ಅವರ ಹೆಮ್ಮೆ. ಯುರೋಪಿನ ತುಂಬ ಜಮೀನ್ದಾರರು, ಜೀತದ ರೈತರು ಇದ್ದ ಕಾಲದಲ್ಲಿ ಫ್ರೀಸರು ತಮಗೆ ದೊರೆಯೇ ಬೇಡ ಅಂದರು. ಬೇರೆ ಬೇರೆ ಸೀಮೆಯ ಪ್ರತಿನಿಧಿಗಳು ಔರಿಶ್ ಹತ್ತಿರದ ‘ಉಪ್‌ಸ್ಟಾಲ್ಸ್‌ಬೋಮ್’ ಅನ್ನುವ ಗುಡ್ಡೆಯಲ್ಲಿ ಸೇರಿ ನ್ಯಾಯ, ಕಟ್ಟಳೆ ಮಾತಾಡುತ್ತಿದ್ದರು. 13, 14ನೇ ಶತಮಾನದ ಮಾತು. 1833ರಲ್ಲಿ ಅಲ್ಲಿ ಕಲ್ಲಿನ ಪಿರಮಿಡ್ ಒಂದನ್ನು ಕಟ್ಟಿದರು. ನೋಡಲು ಗಿಡ್ಡ, ದೂರದಿಂದ ಯಾರೋ ಕಲ್ಲು ಒಟ್ಟಿಟ್ಟ ಹಾಗೆ.

ಆಮೇಲೆ ಎಂದಿನಂತೆ ಬಲ ಇದ್ದವರು ಎದ್ದರು. ಊರೂರಿಗೆ ಒಬ್ಬ ಪಾಳೇಗಾರ, ಒಂದು ಕೋಟೆಮನೆ. ಟೋಮ್ ಬ್ರೋಕ್ ಅನ್ನುವ ಮನೆತನ ಬಹಳ ಮೆರೆಯಿತು. ಕಡಲುಗಳ್ಳ ಶ್ಟೋರ್ಟೆಬೇಕರ್‌ಗೆ ಮಾರಿಯನ್‌ಹಾಫೆಯ ಚರ್ಚಿನ ಗೋಪುರದಲ್ಲಿ ಆಸರೆ ಸಿಕ್ಕಿತ್ತು ಅಂತ ಜನ ಹೇಳುತ್ತಾರೆ. ಈಗ ಆ ಊರು ಸಮುದ್ರದಿಂದ ಒಳಗಿದೆ. ಆಗ ಕೊಲ್ಲಿಯ ನೀರು ಅಲ್ಲಿಯ ತನಕ ಬರುತ್ತಿತ್ತು. 1427ರಲ್ಲಿ ಟೋಮ್ ಬ್ರೋಕ್‌ಗಳು ಯುದ್ಧದಲ್ಲಿ ಸೋತರು.

ಜಿಟಿಜಿಟಿ

ಒಂದು ಅನುಮಾನ. ಮ್ಯಾಪಿನಲ್ಲಿ ಈ ಜಿಲ್ಲೆಯ ಒಳಗೆ “ಗ್ರೋಸೆಸ್ ಮೇರ್” ಅಂತಿದೆ. ಡ್ಯೂಲಿಂಗೋ ಪ್ರಕಾರ ಮೇರ್ ಅಂದ್ರೆ ಸಮುದ್ರ. ನೆಲದ ಮಧ್ಯೆ ದೊಡ್ಡ ಸಮುದ್ರಾನಾ?

ಅವರೆಕಾಳು

ಹ್ಹಹ್ಹ, ನಾನೂ ಮೊದಲು ಬಿದ್ದದ್ದು ಇದೇ ಗುಂಡಿಗೆ. ಪುಸ್ತಕದ ಜರ್ಮನ್‌ನಲ್ಲಿ ಮೇರ್ ಅಂದರೆ ಸಮುದ್ರ. ಈ ಕಡೆ ಕೆರೆಗೆ ಮೇರ್, ಸಮುದ್ರಕ್ಕೆ ‘ಸೇ’. ಗ್ರೋಸೆಸ್ ಮೇರ್ ಅಂದರೆ ದೊಡ್ಡಕೆರೆ ಅಷ್ಟೇ. ‘ಎವಿಗೆಸ್ ಮೇರ್’ ಅಂತ ಇನ್ನೊಂದಿದೆ, ‘ಎಂದೆಂದಿನ ಕೆರೆ’. ಪೀಟ್ ಜೌಗಿನ ನಡುವೆ ಕಪ್ಪು ನೀರು, ಮೇಲೆ ಹಲಗೆಯ ದಾರಿ. ಜರ್ಮನಿಯ ಜೌಗು ಕೆರೆಗಳಲ್ಲಿ ಅದೇ ದೊಡ್ಡದು.

ಇನ್ನು ದ್ವೀಪಗಳು. ಜಿಲ್ಲೆಗೆ ಸೇರಿದ ಜನವಸತಿಯ ದ್ವೀಪ ಮೂರು: ಯೂಸ್ಟ್, ನೋರ್ಡರ್ನೈ, ಬಾಲ್ಟ್ರುಮ್. ನೋರ್ಡರ್ನೈನಲ್ಲಿ 1797ರಲ್ಲೇ ಸಮುದ್ರ ಸ್ನಾನದ ರೆಸಾರ್ಟ್ ಶುರುವಾಯಿತು, ಜರ್ಮನಿಯ ಉತ್ತರ ಸಮುದ್ರ ದಂಡೆಯಲ್ಲಿ ಅದೇ ಮೊದಲು. ಈಗ ಅಲ್ಲಿ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಯೂಸ್ಟ್ 17 ಕಿಲೋಮೀಟರ್ ಉದ್ದ, ಅಗಲ ಮಾತ್ರ ದಾರದ ಹಾಗೆ. ಕಾರು ಇಲ್ಲ, ಕುದುರೆ ಗಾಡಿ. 1651ರ ಪ್ರವಾಹದಲ್ಲಿ ಎರಡು ತುಂಡಾಗಿತ್ತು, ಆಮೇಲೆ ಕೂಡಿಸಿದರು. ಬಾಲ್ಟ್ರುಮ್ ಅತಿ ಚಿಕ್ಕದು. ಅಲ್ಲಿ ಬೀದಿಗೆ ಹೆಸರಿಲ್ಲ. ಮನೆ ನಂಬರ್ ಕೊಟ್ಟಿರುವುದು ಕಟ್ಟಿದ ಕ್ರಮದಲ್ಲಿ. 40ನೇ ನಂಬರಿನ ಪಕ್ಕದಲ್ಲಿ 41 ಇರಲೇಬೇಕು ಅಂತೇನಿಲ್ಲ. ಪೋಸ್ಟ್‌ಮ್ಯಾನ್‌ಗೆ ಇತಿಹಾಸ ಗೊತ್ತಿರಬೇಕು!

ದುರ್ಗದಗಾಳಿ

ಔರಿಶ್ ಅಂದಾಗಿನಿಂದ ಎಲ್ಲೋ ಕೇಳಿದ್ದೀನಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ಈಗ ಹೊಳೆಯಿತು. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಮೊಟ್ಟೆ ಆಕಾರದ ತಲೆಯ ಗಾಳಿಯಂತ್ರಗಳಿವೆಯಲ್ಲ, ಎನರ್‌ಕಾನ್‌ದು. ಆ ಕಂಪನಿಯ ತವರು ಔರಿಶ್! 1984ರಲ್ಲಿ ಅಲೋಯ್ಸ್ ವೊಬೆನ್ ಅನ್ನುವ ಇಂಜಿನಿಯರ್ ಶುರು ಮಾಡಿದ್ದು. ಗೇರ್‌ಬಾಕ್ಸ್ ಇಲ್ಲದ ಯಂತ್ರ ಅವರ ವಿಶೇಷ. ಮುಂದೆ ಭಾರತದ ಪಾಲುದಾರರ ಜೊತೆ ಕೋರ್ಟ್ ಜಗಳವಾಗಿ ಇಲ್ಲಿಯ ಕಂಪನಿಯ ಹೆಸರೇ ಬದಲಾಯಿತು. ಯಂತ್ರಗಳು ಮಾತ್ರ ತಿರುಗುತ್ತಿವೆ.

ಹಳೇಪುಟ

ಕಿಟೆಲ್ ಆದಮೇಲೆ ಆ ಜಿಲ್ಲೆಯಿಂದ ನಮಗೆ ಬಂದದ್ದು ಗಾಳಿಯಂತ್ರ. ಇದನ್ನು ಲೇಖನದಲ್ಲಿ ಹಾಕೇ ಹಾಕ್ತೀನಿ.

ಕಾಡುಮಲ್ಲಿಗೆ

ಎಲ್ಲರೂ ಕುದುರೆ ಗಾಡಿ, ಗೋಪುರ ಅಂತ ಚೆಂದದ್ದೇ ಹೇಳ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ, ಆದರೆ ಜಿಲ್ಲೆಯ ಇತಿಹಾಸ ಅಂದಮೇಲೆ ಇದೂ ಸೇರಬೇಕು.

ಗ್ರೋಸೆಫೇನ್ ಅನ್ನುವ ಊರನ್ನು 1633ರಲ್ಲಿ ಎಮ್ಡೆನ್‌ನ ವ್ಯಾಪಾರಿಗಳು ಶುರು ಮಾಡಿದರು. ಜೌಗಿನಲ್ಲಿ ಕಾಲುವೆ ತೋಡು, ಪೀಟ್ ಕಡಿ, ದೋಣಿಯಲ್ಲಿ ಪಟ್ಟಣಕ್ಕೆ ಸಾಗಿಸು, ವಾಪಸ್ ಬರುವಾಗ ಗೊಬ್ಬರ ತಂದು ನೆಲಕ್ಕೆ ಹಾಕು. ಕೆಲಸ ಎಂಥದು ಅಂತ ಅವರದೇ ಮಾತು ಹೇಳುತ್ತೆ: ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಸಂಕಟ, ಮೂರನೆಯದಕ್ಕೆ ರೊಟ್ಟಿ. 1765ರಲ್ಲಿ ಪ್ರಷ್ಯಾದ ರಾಜ ಎರಡನೇ ಫ್ರೆಡ್ರಿಕ್ ಜೌಗು ನೆಲವನ್ನು ಸಾಗು ಮಾಡಿ ಅಂತ ಆಜ್ಞೆ ಹೊರಡಿಸಿದ. ಆ ನಂತರ ಹುಟ್ಟಿದ ಊರುಗಳಲ್ಲಿ ಮೋರ್‌ಡೋರ್ಫ್ ಒಂದು. ಅಲ್ಲಿ ಕಾಲುವೆಯೂ ಇಲ್ಲ, ದುಡ್ಡೂ ಇಲ್ಲ. ತಲೆಮಾರುಗಟ್ಟಲೆ ಬಡತನ. ಅಕ್ಕಪಕ್ಕದವರು ಆ ಊರಿನವರನ್ನು ಕೀಳಾಗಿ ನೋಡಿದರು. ನಾಜಿಗಳು ಅದನ್ನೇ ಹಿಡಿದು ಇನ್ನಷ್ಟು ತುಳಿದರು.

1944ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಂಗರ್‌ಹಾಫೆ ಹಳ್ಳಿಯಲ್ಲಿ ಚರ್ಚಿನ ಪಕ್ಕದಲ್ಲೇ ನಾಜಿಗಳ ನೋಯೆನ್‌ಗಾಮೆ ಯಾತನಾ ಶಿಬಿರದ ಒಂದು ಶಾಖೆ ಇತ್ತು. ಔರಿಶ್ ಸುತ್ತ ಟ್ಯಾಂಕ್ ತಡೆಯುವ ಕಂದಕ ತೋಡಿಸಲು ಕೈದಿಗಳನ್ನು ತಂದಿದ್ದರು. ಎರಡೇ ತಿಂಗಳಿನಲ್ಲಿ 188 ಜನ ಸತ್ತರು.

ಕಿಟೆಲ್ ಅವರ ಡೋರ್ನುಮ್‌ನಲ್ಲಿ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, 1841ರದ್ದು. ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ ಉಳಿದ ಸಿನಗಾಗ್ ಕಟ್ಟಡ ಅದೊಂದೇ. 1938ರ ನವೆಂಬರ್‌ನಲ್ಲಿ ನಾಜಿಗಳು ಎಲ್ಲ ಕಡೆ ಸಿನಗಾಗ್‌ಗಳಿಗೆ ಬೆಂಕಿ ಹಚ್ಚುವ ಸ್ವಲ್ಪ ಮೊದಲು ಅದನ್ನು ಒಬ್ಬ ಬಡಗಿಗೆ ಮಾರಿದ್ದರು. ಆ ಕಾರಣಕ್ಕೆ ಸುಡಲಿಲ್ಲ. ಕಟ್ಟಡ ಉಳಿಯಿತು, ಪ್ರಾರ್ಥನೆಗೆ ಬರುತ್ತಿದ್ದವರು ಉಳಿಯಲಿಲ್ಲ.

ಅವರೆಕಾಳು

ಬೇಜಾರು ಯಾಕೆ ಮೇಡಂ. ಸರಿಯಾದ ಹೊತ್ತಿಗೆ ಹೇಳಿದಿರಿ. ಎಂಗರ್‌ಹಾಫೆಯಲ್ಲಿ ಈಗ ಸ್ಮಾರಕ ಇದೆ, ಸತ್ತವರ ಹೆಸರುಗಳ ಜೊತೆ. ನಾನು ಎರಡು ಸಲ ಅದರ ಮುಂದೆ ಸೈಕಲ್‌ನಲ್ಲಿ ಹೋಗಿದ್ದೆ, ನಿಲ್ಲಿಸಿರಲಿಲ್ಲ. ಮೂರನೇ ಸಲ ನಿಲ್ಲಿಸಿದೆ.

ಬೀದರ್‌ಬಿಸಿಲು

1977ರಲ್ಲಿ ಎರಡು ಜಿಲ್ಲೆ ಒಂದು ಮಾಡಿದಾಗ ನೋರ್ಡನ್‌ನವರು ಸುಮ್ನೆ ಇದ್ರಾ? ನಮ್ಮಲ್ಲಿ ತಾಲ್ಲೂಕು ಕೇಂದ್ರ ಬದಲಾದರೂ ಬಂದ್ ಆಗುತ್ತೆ.

ಅವರೆಕಾಳು

ಇಷ್ಟವೇನೂ ಆಗಲಿಲ್ಲ. ನೋರ್ಡನ್ ಹಳೇ ಪಟ್ಟಣ, ದೊಡ್ಡ ಲುಡ್ಗೆರಿ ಚರ್ಚು, ಅದರಲ್ಲಿ ಆರ್ಪ್ ಶ್ನಿಟ್ಗರ್ ಕಟ್ಟಿದ ಆರ್ಗನ್, ಪಕ್ಕದಲ್ಲಿ ದ್ವೀಪಗಳಿಗೆ ಹೋಗುವ ನೋರ್ಡ್‌ಡೈಶ್ ಬಂದರು. ಇಷ್ಟೆಲ್ಲ ಇದ್ದೂ ಕಚೇರಿ, ಜಿಲ್ಲೆಯ ಹೆಸರು ಎರಡೂ ಔರಿಶ್‌ಗೆ ಹೋಯಿತು. ಔರಿಶ್‌ನವರ ವಾದ ಏನಂದರೆ, 1561ರಿಂದ ಸಿರ್ಕ್‌ಸೆನಾ ದೊರೆಗಳು ನಮ್ಮಲ್ಲೇ ಇದ್ದರು, ಫ್ರೆಂಚರೂ ನಮ್ಮಲ್ಲೇ ಕೇಂದ್ರ ಮಾಡಿದರು, ಅಧಿಕಾರಿಗಳ ಊರು ಅಂದರೆ ನಮ್ಮದೇ.

ಕ್ರುಮ್‌ಹೋರ್ನ್‌ನವರಿಗೆ ಇದು ಎರಡನೇ ಸಲ. ಅವರು ಮೊದಲು ಎಮ್ಡೆನ್ ಜಿಲ್ಲೆಯಲ್ಲಿದ್ದರು. 1932ರಲ್ಲಿ ಅದನ್ನು ತೆಗೆದಾಗ ನೋರ್ಡನ್‌ಗೆ ಬಂದರು. ಅಲ್ಲಿಂದ ಔರಿಶ್‌ಗೆ. ಗಾಡಿ ನಂಬರಿನ ಮೇಲೆ ನೋರ್ಡನ್‌ನ ಮೂರಕ್ಷರ ಹೋಗಿ ಔರಿಶ್‌ನದು ಬಂದಾಗ ಹಳಬರಿಗೆ ಹೊಟ್ಟೆ ಉರಿದಿರಲೇಬೇಕು.

ಜಿಟಿಜಿಟಿ

ಹೋಗಿ ನೋಡುವವರಿಗೆ ಒಂದೇ ಜಾಗ ಹೇಳಿ ಅಂದ್ರೆ?

ಅವರೆಕಾಳು

ಸುರ್‌ಹೂಸನ್ ಅನ್ನುವ ಹಳ್ಳಿ. ಅಲ್ಲಿಯ ಚರ್ಚಿನ ಗೋಪುರ 5.19 ಡಿಗ್ರಿ ವಾಲಿದೆ, ಪೀಸಾಗಿಂತ ಜಾಸ್ತಿ. ಓಕ್ ಮರದ ದಿಮ್ಮಿಗಳ ಮೇಲೆ ಕಟ್ಟಿದ್ದರು. ನೀರೊಳಗೆ ಇರುವ ತನಕ ದಿಮ್ಮಿ ಗಟ್ಟಿ. ಸುತ್ತಲಿನ ನೆಲವನ್ನು ಬಸಿದು ಒಣಗಿಸಿದ ಮೇಲೆ ಕೊಳೆಯತೊಡಗಿತು, ಗೋಪುರ ವಾಲಿತು. ಹೊಲ ಬೇಕು ಅಂತ ನೀರು ಹೊರಗೆ ಹಾಕಿದರು, ಗೋಪುರಕ್ಕೆ ಆ ನೀರೇ ಆಧಾರವಾಗಿತ್ತು.

ಆಮೇಲೆ ಚಹಾ ಕುಡಿಯಿರಿ. ಇಲ್ಲಿಯವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಕುಡಿಯುತ್ತಾರೆ, ವಿಶ್ವದಾಖಲೆ. ಎಲೆ ಹೆಚ್ಚಾಗಿ ಅಸ್ಸಾಮಿನದು. ಕಪ್ಪಿಗೆ ಮೊದಲು ಕಲ್ಲುಸಕ್ಕರೆ, ಮೇಲೆ ಬಿಸಿ ಚಹಾ. ಸಕ್ಕರೆ ಚಟಪಟ ಅನ್ನಬೇಕು. ಅಂಚಿನಿಂದ ಒಂದು ಚಮಚ ಕೆನೆ ಬಿಡಬೇಕು, ಅದು ಮೋಡದ ಹಾಗೆ ಮೇಲೇಳುತ್ತೆ. ಕಲಕಬಾರದು! ನಾನು ಮೊದಲ ಸಲ ಗರಗರ ಕಲಕಿದೆ. ಆ ಮನೆಯ ಅಜ್ಜಿ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ. ಮೂರು ಕಪ್ ಕುಡಿಯಲೇಬೇಕು. ಸಾಕಾದರೆ ಚಮಚವನ್ನು ಕಪ್ಪಿನೊಳಗೆ ಇಡಿ. ಇಡದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಗಜನಿಗದ್ದೆ

ಹಾಗಾದ್ರೆ ಕಿಟೆಲ್ ನಿಘಂಟಿನಲ್ಲಿ ಕಾಫಿಗೆ ಏನು ಬರೆದಿದ್ದಾರೆ ನೋಡಬೇಕು!

ಹಳೇಪುಟ

ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಾಲು ಹೀಗೆ ಮಾಡಿದೆ: “ಈಗಿನ ಜರ್ಮನಿಯ ಔರಿಶ್ ಜಿಲ್ಲೆಯಲ್ಲಿರುವ, ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದ ರೆಸ್ಟರ್‌ಹಾಫೆಯಲ್ಲಿ ಕಿಟೆಲ್ 1832ರಲ್ಲಿ ಹುಟ್ಟಿದರು.” ಸಂಪಾದಕರು ಓದಿ “ಜರ್ಮನಿ ಅಂತ ಹಾಕಿದ್ರೆ ಸಾಲದಾ?” ಅಂದರು. ಸಾಲದು ಅಂದೆ.

ಮೇಷ್ಟ್ರು_ಹಿರೇಮಗಳೂರು

ಸರಿಯಾಗಿ ಹೇಳಿದಿರಿ. ಕೊನೆಯ ಸಾಲನ್ನೂ ಒಮ್ಮೆ ನೋಡಿಕೊಳ್ಳಿ. ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಆಗ ವ್ಯುರ್ಟೆಂಬರ್ಗ್ ರಾಜ್ಯದಲ್ಲಿತ್ತು.

ಹಳೇಪುಟ

ಅಯ್ಯೋ ಮೇಷ್ಟ್ರೇ!

ಅವರೆಕಾಳು

ಬೇಸಿಗೆಯಲ್ಲಿ ಯಾರಾದ್ರೂ ಬರುವುದಾದರೆ ತಿಳಿಸಿ. ಬಾಲ್ಟ್ರುಮ್ ದೋಣಿ ಡೋರ್ನುಮ್ ಪಂಚಾಯ್ತಿಯ ನೆಸ್ಮರ್‌ಸೀಲ್‌ನಿಂದಲೇ ಹೊರಡುತ್ತೆ. ಉಬ್ಬರ ನೋಡಿಕೊಂಡು ಬಿಡುವುದರಿಂದ ದಿನಾ ಸಮಯ ಬೇರೆ. ನಿನ್ನೆಯ ಟೈಮ್ ನೋಡಿಕೊಂಡು ಬಂದರೆ ದೋಣಿಯೂ ಇರಲ್ಲ, ನೀರೂ ಇರಲ್ಲ.